ಫೆಸ್‌ನಲ್ಲಿ ತಿಂದ ಕೋಳಿ ಮನೆಯಲ್ಲಿ ಕುರ್ಮಾ ಆಗುವುದೇಕೆ: ನಿಂಬೆ–ಆಲಿವ್ ತಾಜೀನ್‌ನ ದೋಷ ನಿವಾರಣೆ

ಮೊರಾಕೊದ ಫೆಸ್ ನಗರದ ಹಳೆಯ ಮದೀನಾದಲ್ಲಿ, ಅಂದರೆ ಕೋಟೆಗೋಡೆಯೊಳಗಿನ ಓಣಿಗಳ ಊರಿನಲ್ಲಿ, ನಾಲ್ಕು ರಾತ್ರಿ ಉಳಿದುಕೊಂಡಿದ್ದಾಗ ಎರಡು ಸಲ ಊಟಕ್ಕೆ ಬಂದದ್ದು ನಿಂಬೆ ಮತ್ತು ಆಲಿವ್ ಹಾಕಿದ ಕೋಳಿ. ಅದನ್ನೇ ಬೆಂಗಳೂರಿಗೆ ಮರಳಿದ ಮೇಲೆ ಮಾಡಲು ಹೊರಟ ನನಗೆ ಮೊದಲ ನಾಲ್ಕು ಪ್ರಯತ್ನಗಳಲ್ಲಿ ದಕ್ಕಿದ್ದು ಕ್ರಮವಾಗಿ ಒಂದು ಕುರ್ಮಾ, ಒಂದು ತಿಳಿಸಾರು, ಒಂದು ಕಹಿ ಕಷಾಯ ಮತ್ತು ಸೀಳುಬಿಟ್ಟ ಒಂದು ಮಣ್ಣಿನ ಪಾತ್ರೆ. ಐದನೆಯ ಸಲ ಮುಚ್ಚಳ ತೆಗೆದಾಗ ಬಂದ ವಾಸನೆ ಆ ಅತಿಥಿಗೃಹದ ಅಡುಗೆಮನೆಯದೇ ಆಗಿತ್ತು. ಅಷ್ಟರೊಳಗೆ ಇಡೀ ಕೋಳಿಯ ಬದಲು ಎರಡು ತೊಡೆ ತುಂಡುಗಳನ್ನಷ್ಟೇ ಇಟ್ಟುಕೊಂಡು, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತ ಹಲವು ಸಣ್ಣ ಪರೀಕ್ಷೆಗಳನ್ನು ಮಾಡಿದ್ದೆ. ಯಾವ ಲಕ್ಷಣಕ್ಕೆ ಯಾವ ಕಾರಣ ಎಂದು ಆಗ ಗುರುತು ಹಾಕಿಕೊಂಡದ್ದನ್ನು ಇಲ್ಲಿ ಒಪ್ಪಮಾಡಿ ಬರೆದಿದ್ದೇನೆ.

ರುಚಿ ಬಾರದಿದ್ದಾಗ ನಾವು ಮೊದಲು ಬೆರಳು ತೋರಿಸುವುದು ಇಲ್ಲಿ ಸಿಗದ ಸಾಮಗ್ರಿಯ ಕಡೆಗೆ: ಅಲ್ಲಿನ ಕೇಸರಿ ಬೇರೆ, ಅಲ್ಲಿನ ಪಾತ್ರೆ ಬೇರೆ, ನೀರೇ ಬೇರೆ ಎನ್ನುತ್ತೇವೆ. ನನ್ನ ಪರೀಕ್ಷೆಗಳಲ್ಲಿ ಕಂಡ ಮಟ್ಟಿಗೆ ದೊಡ್ಡ ದೋಷಗಳೆಲ್ಲ ಹುಟ್ಟಿದ್ದು ಕೈ ತನ್ನ ರೂಢಿಯಿಂದ ತಾನಾಗಿ ಸೇರಿಸಿದ ವಸ್ತುಗಳಿಂದ. ಹಸಿ ಶುಂಠಿ–ಬೆಳ್ಳುಳ್ಳಿ ಪೇಸ್ಟು, ಕೆಂಪಗೆ ಹುರಿದ ಈರುಳ್ಳಿ, ಒಂದು ಚೊಂಬು ನೀರು, ಕೊನೆಗೆ ಒಂದು ಹಿಡಿ ಕೊತ್ತಂಬರಿ ಸೊಪ್ಪು, ಇವುಗಳಲ್ಲಿ ಒಂದನ್ನೂ ಫೆಸ್‌ನ ಆ ಅಡುಗೆಯಾಕೆ ಹಾಕಿರಲಿಲ್ಲ.

ಮೊದಲು, ತಿಂದದ್ದು ಯಾವುದೆಂದು ಖಚಿತಪಡಿಸಿಕೊಳ್ಳಿ

ಅಲ್ಲಿನ ಹೋಟೆಲುಗಳ ಪಟ್ಟಿಯಲ್ಲಿ ಬಹುತೇಕ ‘ಕೋಳಿ ತಾಜೀನ್’ ಎಂದಷ್ಟೇ ಇರುತ್ತದೆ. ತಾಜೀನ್ ಎಂಬುದು ಶಂಕುವಿನಾಕಾರದ ಮುಚ್ಚಳವುಳ್ಳ ಮಣ್ಣಿನ ಪಾತ್ರೆಯ ಹೆಸರು. ಅದರಲ್ಲಿ ಬೆಂದದ್ದಕ್ಕೆಲ್ಲ ಅದೇ ಹೆಸರು ಅಂಟಿಕೊಂಡಿದೆ. ಮನೆಯ ಅಡುಗೆಯವರ ವಿಂಗಡಣೆ ಇದಕ್ಕಿಂತ ಸೂಕ್ಷ್ಮವಾದದ್ದು. ಕೇಸರಿ, ಒಣಶುಂಠಿ ಮತ್ತು ಎಣ್ಣೆಯಲ್ಲಿ ಬೆಂದು ಹಳದಿಯಾದದ್ದು ಮ್‌ಕಲ್ಲಿ. ಪಾಪ್ರಿಕಾ, ಜೀರಿಗೆ ಮತ್ತು ಬೆಣ್ಣೆ ಸೇರಿ ಕೆಂಪಾದದ್ದು ಮ್‌ಹಮ್ಮರ್. ಒಣಗಿದ ಪ್ಲಮ್ ಹಣ್ಣು, ಹುರಿದ ಬಾದಾಮಿ, ಜೇನು ಸೇರಿ ಸಿಹಿಯಾದ ಬಗೆಗಳು ಪ್ರತ್ಯೇಕ. ಹರಿದ ರೊಟ್ಟಿಯ ಮೇಲೆ ಕೋಳಿ ಮತ್ತು ಚನ್ನಂಗಿ ಬೇಳೆಯನ್ನು ಸುರಿದು, ಮೆಂತ್ಯದ ಘಮದೊಂದಿಗೆ ಬಡಿಸುವುದು ರ್ಫಿಸ್ಸಾ. ಇದನ್ನು ಅಲ್ಲಿ ಬಾಣಂತಿಯರಿಗೆ ಮಾಡಿಕೊಡುವ ಪದ್ಧತಿ ಇದೆ ಎಂದು ತಿಳಿದಾಗ, ಬಾಣಂತನಕ್ಕೂ ಮೆಂತ್ಯಕ್ಕೂ ಇರುವ ನಂಟು ನಮ್ಮ ಅಜ್ಜಿಯಂದಿರ ಸ್ವತ್ತು ಮಾತ್ರವಲ್ಲವೆಂದು ನಗು ಬಂತು.

ಆದ್ದರಿಂದ ನೆನಪನ್ನು ಕೆದಕಿಕೊಳ್ಳಿ: ಗೊಜ್ಜು ಹಳದಿಯಾಗಿತ್ತೇ, ಕೆಂಪಾಗಿತ್ತೇ, ಸಿಹಿಯಿತ್ತೇ, ಮೆಂತ್ಯದ ವಾಸನೆ ಇತ್ತೇ? ಹಳದಿ, ಹುಳಿಯುಪ್ಪು, ನಡುವೆ ಮೆತ್ತಗಿನ ನಿಂಬೆ ಸಿಪ್ಪೆ ಮತ್ತು ಆಲಿವ್ ಕಾಯಿ ಇದ್ದವು ಎಂದಾದರೆ ನೀವು ತಿಂದದ್ದು ಮ್‌ಕಲ್ಲಿ, ಮತ್ತು ಈ ಕೈಪಿಡಿ ಅದಕ್ಕೇ ಸಂಬಂಧಿಸಿದ್ದು. ಉತ್ತರ ಬೇರೆಯಾಗಿದ್ದರೆ ಮ್‌ಕಲ್ಲಿಯನ್ನು ಎಷ್ಟೇ ತಿದ್ದಿದರೂ ನೀವು ತಿಂದ ರುಚಿ ಬರುವುದಿಲ್ಲ.

ಸರಿಯಾದದ್ದು ಹೇಗಿರಬೇಕು

ಹೋಲಿಕೆಗೆ ಒಂದು ಮಾನದಂಡವಿಲ್ಲದೆ ದೋಷ ಹುಡುಕಲಾಗದು. ಎರಡನೆಯ ಸಲ ಆ ಅಡುಗೆ ಆಗುವಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಚರ್ಮ ಸಮೇತ ದೊಡ್ಡ ದೊಡ್ಡ ತುಂಡುಗಳಾಗಿದ್ದ ಕೋಳಿಗೆ ಜಜ್ಜಿದ ಬೆಳ್ಳುಳ್ಳಿ, ಒಣಶುಂಠಿ ಪುಡಿ, ಕಾಳುಮೆಣಸಿನ ಪುಡಿ, ನೆನೆಸಿದ ಕೇಸರಿ ಮತ್ತು ಎಣ್ಣೆಯನ್ನು ಹಿಂದಿನ ರಾತ್ರಿಯೇ ಸವರಿ ಇಡಲಾಗಿತ್ತು. ಅಡುಗೆಯಾಕೆ ಎರಡು ಈರುಳ್ಳಿಗಳನ್ನು ತಗಡಿನ ತುರಿಮಣೆಯ ಮೇಲೆ ತುರಿದರು. ಬೆರಳಿಗೆ ತಾಕುವಷ್ಟು ಉಳಿದ ಕೊನೆಯ ಚೂರನ್ನು ಹಾಗೆಯೇ ಪಾತ್ರೆಗೆ ಎಸೆದರು. ಆ ಹಸಿ ತುರಿಯ ಮೇಲೆ ಕೋಳಿ, ಅದರ ಮೇಲೆ ದಾರದಿಂದ ಕಟ್ಟಿದ ಕೊತ್ತಂಬರಿ ಮತ್ತು ಪಾರ್ಸ್ಲಿ ಸೊಪ್ಪಿನ ಚಿಕ್ಕ ಕಂತೆ, ಒಂದು ಚಹಾ ಲೋಟದಷ್ಟು ನೀರು, ಸಣ್ಣ ಉರಿ. ಒಲೆಯ ಮೇಲೆ ಇದ್ದದ್ದು ತಾಜೀನ್ ಅಲ್ಲ, ಅಲ್ಯೂಮಿನಿಯಂ ಪಾತ್ರೆ. ಕೋಳಿ ಬೆಂದ ಮೇಲೆ ತುಂಡುಗಳನ್ನು ಹೊರತೆಗೆದು ಓವನ್ನಿಗೆ ಇಟ್ಟು ಮೇಲ್ಮೈಯನ್ನು ಕೆಂಪಾಗಿಸಿದರು. ಸೊಪ್ಪಿನ ಕಂತೆಯನ್ನು ಹಿಂಡಿ ಎಸೆದರು. ಕೋಳಿಯ ಈಲಿಯನ್ನು ಚಮಚದ ಬೆನ್ನಿನಿಂದ ಅರೆದು ರಸಕ್ಕೆ ಕಲಸಿ, ಮುಚ್ಚಳ ತೆಗೆದು ಕುದಿಸತೊಡಗಿದರು. ಉಪ್ಪಿನಲ್ಲಿ ನೆನೆದ ನಿಂಬೆಯೊಂದನ್ನು ಡಬ್ಬಿಯಿಂದ ಎತ್ತಿ, ಹೆಬ್ಬೆರಳಿನಿಂದ ಒಳಗಿನ ತಿರುಳನ್ನು ಒಂದೇ ಸಲಕ್ಕೆ ಕಿತ್ತು ಬದಿಗಿಟ್ಟು, ಸಿಪ್ಪೆಯನ್ನು ಮಾತ್ರ ನಾಲ್ಕು ಎಸಳಾಗಿ ಹರಿದು ಕೊನೆಯ ಹತ್ತು ನಿಮಿಷಕ್ಕೆ ಆಲಿವ್‌ಗಳ ಜೊತೆಗೆ ಹಾಕಿದರು. ಮಣ್ಣಿನ ತಾಜೀನ್ ಬಂದದ್ದು ಬಡಿಸುವಾಗ.

ರಸ ಬತ್ತಿ, ಈರುಳ್ಳಿ ಕರಗಿ, ಎಣ್ಣೆ ಅಂಚಿಗೆ ಬಿಟ್ಟುಕೊಂಡಾಗ ಉಳಿಯುವ ದಪ್ಪ ಗೊಜ್ಜಿಗೆ ಅಲ್ಲಿನ ಮಾತಿನಲ್ಲಿ ದಗ್ಮಿರಾ ಎನ್ನುತ್ತಾರೆ. ಚಮಚದಿಂದ ಪಾತ್ರೆಯ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಒಂದೆರಡು ಕ್ಷಣ ತೆರೆದೇ ಇರಬೇಕು. ಮೂಗಿಗೆ ಮೊದಲು ನಿಂಬೆ ಸಿಪ್ಪೆ, ಆಮೇಲೆ ಕೇಸರಿ, ಕೊನೆಗೆ ಒಣಶುಂಠಿಯ ಬಿಸಿ ಬರಬೇಕು. ಮುಂದಿನ ಪ್ರತಿಯೊಂದು ಲಕ್ಷಣವನ್ನೂ ಈ ಮಾನದಂಡಕ್ಕೆ ಹೋಲಿಸಿ ನೋಡಬೇಕು.

ಲಕ್ಷಣ: ಕುರ್ಮಾದ ವಾಸನೆ

ಕನ್ನಡದ ಅಡುಗೆಮನೆಯಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ ಎಂದು ನನ್ನ ಅಂದಾಜು, ಮತ್ತು ಇದಕ್ಕೆ ಕಾರಣ ಒಂದಲ್ಲ. ಮೊದಲನೆಯದು ಈರುಳ್ಳಿ. ಎಣ್ಣೆ ಕಾದ ಮೇಲೆ ಈರುಳ್ಳಿಯನ್ನು ಕೆಂಪಗಾಗುವ ತನಕ ಬಾಡಿಸುವುದು ನಮಗೆ ಅಡುಗೆಯ ಓಂಕಾರವಿದ್ದಂತೆ. ಆದರೆ ಕೆಂಪಾದ ಈರುಳ್ಳಿಯ ಹುರಿದ ಸಿಹಿವಾಸನೆ ಒಮ್ಮೆ ತಳದಲ್ಲಿ ಕುಳಿತರೆ ಅದರ ಮೇಲೆ ಕೇಸರಿಯ ಸಣ್ಣ ದನಿ ಕೇಳಿಸುವುದಿಲ್ಲ. ಅನುಮಾನವಿದ್ದರೆ ಒಂದೇ ಈರುಳ್ಳಿಯನ್ನು ಎರಡು ಪಾಲು ಮಾಡಿ, ಒಂದನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು, ಇನ್ನೊಂದನ್ನು ತುರಿದು ಎರಡು ಚಮಚ ನೀರು ಮತ್ತು ಎಣ್ಣೆಯೊಂದಿಗೆ ಮುಚ್ಚಿ 20 ನಿಮಿಷ ಸಣ್ಣ ಉರಿಯಲ್ಲಿ ಇಟ್ಟು, ಎರಡನ್ನೂ ಮೂಸಿ ನೋಡಿ. ಎರಡನೆಯದರಲ್ಲಿ ಮಾಂಸದ ಸಾರಿನಂಥ ಮೃದುವಾದ ವಾಸನೆ ಇರುತ್ತದೆ. ನಮ್ಮಲ್ಲಿನ ಚಿಕ್ಕ ಕೆಂಪು ಈರುಳ್ಳಿ ಘಾಟು ಹೆಚ್ಚಿರುವಂಥದ್ದು. ತುರಿದ ಮೇಲೆ ಜರಡಿಯಲ್ಲಿ ಹಾಕಿ ಒಂದು ಸಲ ನೀರು ಹಾಯಿಸಿ ಹಿಂಡಿದರೆ ಘಾಟು ತಗ್ಗುತ್ತದೆ.

ಎರಡನೆಯ ಕಾರಣ ಹಸಿ ಶುಂಠಿ. ಮ್‌ಕಲ್ಲಿಗೆ ಬೇಕಾದದ್ದು ಒಣಶುಂಠಿಯ ಪುಡಿ. ಇದು ಸಿಗದ ಹಸಿ ಶುಂಠಿಗೆ ಬದಲಿ ಎಂದು ಭಾವಿಸಬಾರದು. ರಾಸಾಯನಿಕವಾಗಿಯೂ ಇದು ಬೇರೆ ವಸ್ತು. ಹಸಿ ಶುಂಠಿಯಲ್ಲಿರುವ ಜಿಂಜರಾಲ್ ಎಂಬ ಅಂಶ ಒಣಗುವಾಗ ಭಾಗಶಃ ಶೋಗಾಲ್ ಆಗಿ ಮಾರ್ಪಡುತ್ತದೆ. ಅದರ ಖಾರ ಹೆಚ್ಚು, ಹಸಿ ಶುಂಠಿಯ ನಿಂಬೆಹುಲ್ಲಿನಂಥ ಹಸಿರು ವಾಸನೆ ಕಡಿಮೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಇದ್ದ ಪುಡಿಗಿಂತ ಗ್ರಂಥಿಗೆ ಅಂಗಡಿಯಿಂದ ಇಡೀ ಒಣಶುಂಠಿ ತಂದು ಕುಟ್ಟಿ ಜರಡಿ ಹಿಡಿಯುವುದು ಲೇಸು. ಒಂದೂಕಾಲು ಕಿಲೋ ಕೋಳಿಗೆ ಒಂದೂವರೆ ಟೀ ಚಮಚ ಸಾಕು.

ಮೂರನೆಯದು ನಾನೇ ಮಾಡಿಕೊಂಡ ಎಡವಟ್ಟು. ಮರಾಕೆಶ್‌ನ ಸಂತೆಯಲ್ಲಿ ಕೊಂಡಿದ್ದ ರಾಸ್ ಎಲ್ ಹನೂತ್ ಎಂಬ ಮಸಾಲೆ ಪುಡಿ ಮನೆಯಲ್ಲಿತ್ತು. ದುಡ್ಡು ಕೊಟ್ಟು ತಂದದ್ದನ್ನು ಹಾಕದಿರುವುದು ಹೇಗೆಂದು ಎರಡು ಚಮಚ ಸುರಿದೆ. ‘ಅಂಗಡಿಯ ತಲೆ’ ಎಂಬ ಅರ್ಥದ ಆ ಪುಡಿಯಲ್ಲಿ ಏಲಕ್ಕಿ, ಜಾಯಿಕಾಯಿ, ಜಾಪತ್ರೆ, ಚಕ್ಕೆ ಮುಂತಾಗಿ ಅಂಗಡಿಯವನ ಇಷ್ಟದಂತೆ ಹತ್ತಾರು ಸಾಮಗ್ರಿಗಳಿರುತ್ತವೆ. ಬೇರೆ ಅಡುಗೆಗಳಲ್ಲಿ ಅದಕ್ಕೆ ಸ್ಥಾನವಿದೆ, ಮ್‌ಕಲ್ಲಿಯಲ್ಲಿ ಇಲ್ಲ. ಇಲ್ಲಿ ಹಾಕಿದರೆ ಅದು ನೇರವಾಗಿ ನಮ್ಮ ಗರಂ ಮಸಾಲೆಯ ಕೆಲಸವನ್ನೇ ಮಾಡುತ್ತದೆ. ಜೀರಿಗೆಯೂ ಬೇಡ, ಅದು ಕೆಂಪು ಬಗೆಯ ಮಸಾಲೆ. ಕೊನೆಯಲ್ಲಿ ಹೆಚ್ಚಿದ ಕೊತ್ತಂಬರಿ ಉದುರಿಸುವುದನ್ನೂ ಕೈ ಹಿಡಿದು ನಿಲ್ಲಿಸಿಕೊಳ್ಳಬೇಕು. ಸೊಪ್ಪು ಕಂತೆಯಾಗಿ ಬೆಂದು ಹೊರಗೆ ಹೋಗಬೇಕು. ತಟ್ಟೆಯಲ್ಲಿ ಹಸಿರು ಕಾಣಬೇಕಾಗಿಲ್ಲ.

ಲಕ್ಷಣ: ಗೊಜ್ಜು ತೆಳ್ಳಗೆ, ರುಚಿ ಸಪ್ಪೆ

ಉಪ್ಪು, ಮಸಾಲೆ ಹೆಚ್ಚಿಸುವ ಮೊದಲು ನೀರನ್ನು ಅಳೆಯಿರಿ. ನನ್ನ ಎರಡನೆಯ ಪ್ರಯತ್ನದಲ್ಲಿ ಪ್ರೆಶರ್ ಕುಕ್ಕರಿಗೆ ಎರಡು ಲೋಟ ನೀರು ಹಾಕಿ ಮೂರು ವಿಷಲ್ ಕೂಗಿಸಿದ್ದೆ. ತೆರೆದಾಗ ಕೋಳಿ ತೇಲುತ್ತಿತ್ತು. ಆಮೇಲೆ ಒಂದು ಪರೀಕ್ಷೆಗೆಂದು 1.2 ಕಿಲೋ ಫಾರಂ ಕೋಳಿ ಮತ್ತು 300 ಗ್ರಾಂ ಈರುಳ್ಳಿ ತುರಿಯನ್ನು ಒಂದು ಹನಿಯೂ ನೀರು ಸೇರಿಸದೆ, ಗಟ್ಟಿ ಮುಚ್ಚಳದ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದೆ. ಕೊನೆಗೆ ರಸವನ್ನು ಅಳತೆಯ ಲೋಟಕ್ಕೆ ಬಸಿದರೆ 350 ಮಿಲಿಲೀಟರು! ಇಷ್ಟು ನೀರನ್ನು ಕೋಳಿಯೂ ಈರುಳ್ಳಿಯೂ ತಾವಾಗಿ ಕೊಡುತ್ತವೆ ಎಂಬುದು ಗೊತ್ತಾದ ಮೇಲೆ, ತಳ ಹತ್ತದಿರಲೆಂದು ಮೊದಲಿಗೆ ಹಾಕುವ 100 ಮಿಲಿಲೀಟರಿಗಿಂತ ಹೆಚ್ಚು ನೀರು ಮುಟ್ಟಿಲ್ಲ.

ಕುಕ್ಕರಿನ ಬಗ್ಗೆ ನನಗೆ ತಕರಾರಿಲ್ಲ. ಮೊರಾಕೊದ ನಗರಗಳ ಎಷ್ಟೋ ಮನೆಗಳಲ್ಲಿ ಕೊಕೊಟ್ ಎಂಬ ಫ್ರೆಂಚ್ ಹೆಸರಿನಿಂದ ಕರೆಯುವ ಕುಕ್ಕರಿನಲ್ಲೇ ಇದು ಆಗುತ್ತದೆ. ಆದರೆ ಕುಕ್ಕರಿನಲ್ಲಿ ಹೆಚ್ಚೇನೂ ಆವಿಯಾಗಿ ಹೊರಹೋಗುವುದಿಲ್ಲವಾದ್ದರಿಂದ ಬೇಯುವ ಕೆಲಸ ಮುಗಿದ ಮೇಲೆ ಬತ್ತಿಸುವ ಕೆಲಸ ಪೂರ್ತಿಯಾಗಿ ಬಾಕಿ ಇರುತ್ತದೆ. ನಾವು ಅಲ್ಲಿಗೇ ಅಡುಗೆ ಆಯಿತೆಂದು ಬಡಿಸಿಬಿಡುತ್ತೇವೆ. ಕೋಳಿಯನ್ನು ಹೊರತೆಗೆದು, ರಸವನ್ನು ಅಗಲ ಬಾಣಲೆಗೆ ಸುರಿದು, ಮಧ್ಯಮ ಉರಿಯಲ್ಲಿ 15 ರಿಂದ 20 ನಿಮಿಷ ಕುದಿಸಿ. ಎಣ್ಣೆ ಬಿಡುವುದು ಎಂದು ನಾವು ಹೇಳುವ ಗುರುತೇ ಇಲ್ಲಿಯೂ ಹದದ ಗುರುತು. ಮೈದಾ, ಜೋಳದ ಹಿಟ್ಟು, ಗೋಡಂಬಿ ಪೇಸ್ಟು ಹಾಕಿ ಗಟ್ಟಿ ಮಾಡಲು ಹೋಗಬೇಡಿ. ಆಗ ಗೊಜ್ಜು ಗಟ್ಟಿಯಾಗುತ್ತದೆ, ಸಪ್ಪೆ ಹಾಗೆಯೇ ಉಳಿಯುತ್ತದೆ. ದಪ್ಪಕ್ಕೆ ಬೇಕಾದದ್ದು ಕರಗಿದ ಈರುಳ್ಳಿ ಮತ್ತು ಅರೆದ ಈಲಿ; ಈಲಿ ಬೇಡವೆನ್ನುವವರು ಈರುಳ್ಳಿಯನ್ನು ಕಾಲುಭಾಗ ಹೆಚ್ಚಿಸಲಿ.

ಚರ್ಮದ ಮಾತೂ ಇಲ್ಲಿಗೇ ಸೇರುತ್ತದೆ. ನಮ್ಮ ಕೋಳಿ ಅಂಗಡಿಗಳಲ್ಲಿ ಕೇಳದೆಯೇ ಚರ್ಮ ಸುಲಿದು ಸಾರಿನ ತುಂಡು ಹಾಕುವುದು ರೂಢಿ. ಚರ್ಮದ ಕೊಬ್ಬು ಮತ್ತು ಅಂಟು ಇಲ್ಲದೆ ಗೊಜ್ಜಿಗೆ ಮೈ ಬರುವುದಿಲ್ಲ. ಚರ್ಮ ಸಮೇತ ನಾಲ್ಕೇ ತುಂಡು ಬೇಕೆಂದು ಕತ್ತಿ ಎತ್ತುವ ಮೊದಲೇ ಹೇಳಬೇಕು. ಎತ್ತಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಲಕ್ಷಣ: ಕಹಿ

ಕಹಿಯ ಮೂಲ ಹುಡುಕುವುದು ಸ್ವಲ್ಪ ತಾಳ್ಮೆಯ ಕೆಲಸ, ಏಕೆಂದರೆ ಈ ಅಡುಗೆಯಲ್ಲಿ ಕಹಿ ನಾಲ್ಕು ಕಡೆಯಿಂದ ಬರಬಹುದು: ನಿಂಬೆ, ಆಲಿವ್, ಕೇಸರಿ, ಸೀದ ಬೆಳ್ಳುಳ್ಳಿ. ಗೊಜ್ಜನ್ನು ಒಟ್ಟಾಗಿ ನೆಕ್ಕಿ ನೋಡಿದರೆ ಏನೂ ತಿಳಿಯದು. ನಿಂಬೆ ಸಿಪ್ಪೆಯ ಒಂದು ಚೂರನ್ನು ಬೇರೆಯಾಗಿ ಅಗಿಯಿರಿ, ಒಂದು ಆಲಿವ್ ಅನ್ನು ಬೇರೆಯಾಗಿ ಅಗಿಯಿರಿ, ಇವೆರಡೂ ತಾಕದ ಕೋಳಿಯ ಒಳಮಾಂಸವನ್ನು ತಿನ್ನಿ. ಹತ್ತರಲ್ಲಿ ಎಂಟು ಸಲ ಕಳ್ಳ ಸಿಕ್ಕಿಬೀಳುವುದು ನಿಂಬೆಯಲ್ಲೇ.

ಹಸಿ ನಿಂಬೆಯನ್ನು ಹೋಳು ಮಾಡಿ ಹಾಕಿ ಕುದಿಸಿದ್ದರೆ ಮುಂದೆ ಹುಡುಕಬೇಕಾಗಿಯೇ ಇಲ್ಲ. ಲಿಂಬೆ ಜಾತಿಯ ಹಣ್ಣುಗಳ ಬೀಜ, ಬಿಳಿ ಪೊರೆಗಳಲ್ಲಿರುವ ಕಹಿಯಿಲ್ಲದ ಒಂದು ಅಂಶ ಹುಳಿರಸಕ್ಕೆ ಬೆರೆತು, ಸಮಯ ಕಳೆದಂತೆ ಮತ್ತು ಕಾಯಿಸಿದಂತೆ ಲಿಮೋನಿನ್ ಎಂಬ ಕಹಿ ವಸ್ತುವಾಗುತ್ತದೆ. ಹಿಂಡಿದ ಕೂಡಲೇ ಸವಿಯಾಗಿದ್ದ ಶರಬತ್ತು ಗಂಟೆಗಳ ಮೇಲೆ ಕಹಿಯಾಗುವುದೂ ಇದರಿಂದಲೇ. ಮ್‌ಕಲ್ಲಿಗೆ ಉಪ್ಪಿನಲ್ಲಿ ಕಳಿತ ನಿಂಬೆಯೇ ಆಗಬೇಕು, ಮತ್ತು ಅದರ ಸಿಪ್ಪೆ ಮಾತ್ರ.

ಮೊರಾಕೊದಲ್ಲಿ ಇದಕ್ಕೆ ಬಳಸುವ ನಿಂಬೆಗಳಲ್ಲಿ ಬೂಸೆರ್ರಾ ಎಂಬ ಚಿಕ್ಕ, ದುಂಡನೆಯ, ಬಲು ಸುವಾಸನೆಯ ತಳಿಗೆ ಹೆಚ್ಚು ಮನ್ನಣೆ. ದೊಕ್ ಎಂಬ ಇನ್ನೊಂದು ತಳಿಯೂ ಬಳಕೆಯಲ್ಲಿದೆ. ವಿಜಯಪುರ ಜಿಲ್ಲೆಯ ಇಂಡಿಯ ಕಡೆಯಿಂದ ನಮ್ಮ ಮಾರುಕಟ್ಟೆಗೆ ಬರುವ ನಿಂಬೆ ಇವೆರಡರಿಂದಲೂ ಬೇರೆ ಜಾತಿಯದು: ರಸ ಯಥೇಚ್ಛ, ಹುಳಿ ಗಟ್ಟಿ, ಸಿಪ್ಪೆ ಕಾಗದದಷ್ಟು ತೆಳು. ಉಪ್ಪಿನಕಾಯಿಗೆ ಹೇಳಿ ಮಾಡಿಸಿದ ಹಣ್ಣು. ಸಿಪ್ಪೆಯೇ ನಾಯಕನಾಗಿರುವ ಅಡುಗೆಯಲ್ಲಿ ಸ್ವಲ್ಪ ಬಡವಾಗುತ್ತದೆ. ದೊಡ್ಡ ಅಂಗಡಿಗಳಲ್ಲಿ ಸಿಗುವ ದಪ್ಪ ಸಿಪ್ಪೆಯ ಹಳದಿ ನಿಂಬೆ ಉತ್ತಮ. ಮಲೆನಾಡಿನ ಹಿತ್ತಲುಗಳ ಗಜನಿಂಬೆ ಸಿಕ್ಕಿದರೆ ಅದೂ ಆದೀತು. ಹೇರಳೆಕಾಯಿಯನ್ನು ನಾನು ಪ್ರಯೋಗಿಸಿದ್ದೇನೆ, ಅದರ ಫಲವೇ ಮೊದಲು ಹೇಳಿದ ಕಹಿ ಕಷಾಯ. ಊರಿನ ನಿಂಬೆಯೇ ಗತಿ ಎನ್ನುವವರು ಪೂರ್ತಿ ಹಳದಿಯಾದ ಹಣ್ಣನ್ನೇ ಆರಿಸಿ, ಉಪ್ಪು ಹಾಕುವ ಮೊದಲು ಮೂರು ದಿನ ನೀರಿನಲ್ಲಿಟ್ಟು ದಿನವೂ ನೀರು ಬದಲಿಸಬೇಕು.

ನಿಂಬೆಯನ್ನು ಉಪ್ಪಿನಲ್ಲಿ ಹಾಕಿಡುವ ವಿಧಾನ ಸರಳ. ಕಾಂಡದ ತುದಿಯಲ್ಲಿ ಕೂಡಿಕೊಂಡೇ ಇರುವಂತೆ ನಾಲ್ಕಾಗಿ ಸೀಳಿ, ಒಂದು ಕಿಲೋ ಹಣ್ಣಿಗೆ 150 ರಿಂದ 200 ಗ್ರಾಂ ಕಲ್ಲುಪ್ಪು ತುಂಬಿ, ಗಾಜಿನ ಭರಣಿಯಲ್ಲಿ ಒತ್ತಿ, ಹಣ್ಣು ಮುಳುಗುವಷ್ಟು ನಿಂಬೆರಸ ಸುರಿದು ಮುಚ್ಚಬೇಕು. ಒಂದು ತಿಂಗಳು ಮುಟ್ಟಬಾರದು. ರಸದಿಂದ ಮೇಲೆ ತಲೆಯೆತ್ತಿದ ಹಣ್ಣಿಗೆ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಮೇಲೊಂದು ಭಾರ ಇಡಬೇಕು. ಎಣ್ಣೆ, ಸಾಸಿವೆ, ಮೆಂತ್ಯ, ಇಂಗು, ಅರಿಶಿನ ಯಾವುದೂ ಇಲ್ಲ. ಅಜೀರ್ಣಕ್ಕೆ, ಜ್ವರ ಬಿಟ್ಟ ಬಾಯಿಗೆ ಗಂಜಿಯ ಜೊತೆ ಕೊಡುತ್ತಿದ್ದ ಖಾರವಿಲ್ಲದ ಹಳೆಯ ಉಪ್ಪುನಿಂಬೆ ಮನೆಯಲ್ಲಿದ್ದು, ಅದಕ್ಕೆ ಓಮ, ಇಂಗು ತಾಕಿರದಿದ್ದರೆ, ಅದೇ ಸಾಕಾಗಬಹುದು. ನಾನು ಬಳಸಿ ನೋಡಿದ್ದೇನೆ, ಬಣ್ಣ ಕಪ್ಪಾಗುತ್ತದೆ, ರುಚಿಗೆ ಮೋಸವಿಲ್ಲ. ಯಾವುದೇ ಆದರೂ ಬಳಸುವ ಮೊದಲು ತೊಳೆದು, ತಿರುಳನ್ನೂ ಬೀಜವನ್ನೂ ತೆಗೆದು, ಒಳಗಿನ ಬಿಳಿ ಪದರ ದಪ್ಪಗಿದ್ದರೆ ಚಾಕುವಿನಿಂದ ಹೆರೆಯಬೇಕು. ಒಂದು ಕೋಳಿಗೆ ಒಂದು ಹಣ್ಣು. ಎರಡು ಹಾಕಿದರೆ ಇಮ್ಮಡಿ ರುಚಿ ಬರುತ್ತದೆಂಬ ಲೆಕ್ಕ ಇಲ್ಲಿ ನಡೆಯದು.

ಲಕ್ಷಣ: ಬಣ್ಣ ಮಂಕು, ಇಲ್ಲವೇ ಅರಿಶಿನದ ಕಮಟು

ಪ್ರವಾಸದ ಫೋಟೋ ತೆಗೆದು ತಮ್ಮ ಪಾತ್ರೆಯ ಪಕ್ಕದಲ್ಲಿ ಹಿಡಿದು ಕೊರಗುವವರಿಗೆ ಒಂದು ಸಮಾಧಾನದ ಮಾತು: ಅಲ್ಲಿನ ಬಹಳಷ್ಟು ಬೀದಿ ಹೋಟೆಲುಗಳಲ್ಲಿ, ಮನೆಗಳಲ್ಲಿಯೂ, ಆ ಹೊಳೆಯುವ ಹಳದಿ ಬರುವುದು ಚಿಕ್ಕ ಪೊಟ್ಟಣದಲ್ಲಿ ಸಿಗುವ ಕೃತಕ ಬಣ್ಣದಿಂದ. ಅದು ಸಾಮಾನ್ಯವಾಗಿ ಟಾರ್ಟ್ರಜಿನ್, ನಮ್ಮ ಪೊಟ್ಟಣಗಳ ಮೇಲೆ 102 ಎಂಬ ಸಂಖ್ಯೆಯಲ್ಲಿ ಕಾಣುವಂಥದ್ದು. ಕೇಸರಿ ಒಂದೇ ಕೊಡುವ ಬಣ್ಣ ಇನ್ನೂ ತಣ್ಣಗಿನ, ಬಂಗಾರದ ಬಣ್ಣ. ಫೋಟೋದ ಹಳದಿಯನ್ನು ಬೆನ್ನುಹತ್ತಿ ಅರಿಶಿನ ಸುರಿದರೆ ಗೊಜ್ಜು ಮಣ್ಣುವಾಸನೆ ಹೊಡೆಯುತ್ತದೆ. ಖರ್ಕೂಮ್ ಎಂಬ ಹೆಸರಿನಲ್ಲಿ ಅರಿಶಿನ ಅಲ್ಲಿಯೂ ಬಳಕೆಯಲ್ಲಿದೆ, ಆದರೆ ಕಾಲು ಚಮಚ ಮಾತ್ರ.

ಕೇಸರಿ ಹಾಕಿಯೂ ವಾಸನೆ ಬಾರದಿದ್ದರೆ ಕೇಸರಿಯನ್ನೇ ಪರೀಕ್ಷಿಸಬೇಕು. ನಾಲ್ಕು ಎಳೆಗಳನ್ನು ತಣ್ಣೀರಿನ ಬಟ್ಟಲಿಗೆ ಹಾಕಿ ನೋಡಿ. ಅಸಲಿಯಾದರೆ ನೀರು ನಿಧಾನವಾಗಿ ಹಳದಿಯಾಗುತ್ತದೆ, ಎಳೆ ಬಹಳ ಹೊತ್ತು ಕೆಂಪಾಗಿಯೇ ಉಳಿಯುತ್ತದೆ; ಬಣ್ಣ ಹಾಕಿದ ಕುಸುಬೆಯ ಎಸಳೋ ಜೋಳದ ತೆನೆಯ ರೇಷ್ಮೆಯೋ ಆಗಿದ್ದರೆ ನೀರು ಕೂಡಲೇ ಕೆಂಪಾಗಿ ಎಳೆ ಬಿಳಿಚಿಕೊಳ್ಳುತ್ತದೆ. ಆಂಟಿ ಅಟ್ಲಾಸ್ ಬೆಟ್ಟಸಾಲಿನ ತಾಲಿವೀನ್ ಪ್ರದೇಶ ಮೊರಾಕೊದ ಕೇಸರಿಗೆ ಹೆಸರಾದದ್ದು. ನಮಗೆ ಹತ್ತಿರದ ಪಾಂಪೋರಿನ ಕಾಶ್ಮೀರಿ ಕೇಸರಿ ಹಾಕಿದರೆ ಯಾವ ಕೊರತೆಯೂ ಆಗದು. ಒಂದು ಕೋಳಿಗೆ 25 ರಿಂದ 30 ಎಳೆ ಸಾಕು. ಅವುಗಳನ್ನು ಬೆರಳಲ್ಲಿ ಪುಡಿಮಾಡಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನು ಎರಡು ಪಾಲು ಮಾಡಿ ಒಂದನ್ನು ಮೊದಲೇ ಮಾಂಸಕ್ಕೆ ಸವರಿ, ಇನ್ನೊಂದನ್ನು ಕೊನೆಯಲ್ಲಿ ಗೊಜ್ಜಿಗೆ ಹಾಕಬೇಕು. ಬಣ್ಣ ಕೊಡುವ ಕ್ರೋಸಿನ್ ಕುದಿತವನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಘಮ ಕೊಡುವ ಸ್ಯಾಫ್ರನಾಲ್ ಹಬೆಯ ಜೊತೆ ಹಾರಿಹೋಗುತ್ತದೆ. ಕೇಸರಿಯಲ್ಲಿ ಕಹಿಯ ಅಂಶವೂ ಇರುವುದರಿಂದ ಧಾರಾಳತನ ಬೇಡ.

ಗೊಜ್ಜು ಬೂದು ಬಣ್ಣಕ್ಕೆ ತಿರುಗಿದರೆ ಆಲಿವ್ ಡಬ್ಬಿಯ ಲೇಬಲ್ ಓದಿ. ಪಿಜ್ಜಾಕ್ಕೆಂದು ಮಾರುವ, ಬಳೆಯಂತೆ ಕತ್ತರಿಸಿದ ಕಪ್ಪು ಆಲಿವ್‌ಗಳು ಬಹುತೇಕ ಹಸಿರು ಕಾಯಿಗಳೇ. ಕ್ಷಾರದಲ್ಲಿ ಸಂಸ್ಕರಿಸಿ, 579 ಎಂಬ ಸಂಖ್ಯೆಯ ಫೆರಸ್ ಗ್ಲುಕೋನೇಟ್ ಎಂಬ ಕಬ್ಬಿಣದ ಲವಣದಿಂದ ಕಪ್ಪನ್ನು ನಿಲ್ಲಿಸಿರುತ್ತಾರೆ. ಅವುಗಳಲ್ಲಿ ಕಹಿಯೂ ಇಲ್ಲ, ಕಚ್ಚಿದರೆ ಗಟ್ಟಿತನವೂ ಇಲ್ಲ. ಬೀಜ ಸಮೇತದ ಹಸಿರು ಆಲಿವ್ ಕೊಂಡು, ಬಿಸಿನೀರಿನಲ್ಲಿ ಎರಡು ನಿಮಿಷ ಅದ್ದಿ ಉಪ್ಪು ತೆಗೆದು ಬಳಸಿ.

ಉಪ್ಪು ಹೆಚ್ಚಾಗುವ ದೋಷಕ್ಕೂ ಇದೇ ಮದ್ದು. ನಿಂಬೆ, ಆಲಿವ್ ಎರಡೂ ಉಪ್ಪಿನಲ್ಲಿ ಮಿಂದು ಬಂದಿರುತ್ತವೆ, ಮೇಲೆ ಗೊಜ್ಜನ್ನು ಬತ್ತಿಸುತ್ತೇವೆ. ಮೊದಲು ಅರ್ಧ ಚಮಚಕ್ಕಿಂತ ಹೆಚ್ಚು ಉಪ್ಪು ಹಾಕದೆ, ಕೊನೆಯಲ್ಲಿ ರುಚಿ ನೋಡಿ ಸರಿಮಾಡಿಕೊಳ್ಳಬೇಕು.

ಲಕ್ಷಣ: ಮಾಂಸ ಎಳೆಎಳೆಯಾಗಿ ಒಣಗಿದೆ

ಅಲ್ಲಿನ ಪಾಕವಿಧಾನಗಳಲ್ಲಿ ಒಂದೂವರೆ, ಎರಡು ಗಂಟೆ ಬೇಯಿಸಿ ಎಂದಿದ್ದರೆ ಅದು ಬೆಲ್ದಿ ಕೋಳಿಯ ಲೆಕ್ಕ. ಮೊರಾಕೊದವರು ಊರಿನದನ್ನು ಬೆಲ್ದಿ ಎಂದೂ ಫಾರಂನದನ್ನು ರೂಮಿ ಎಂದೂ ಕರೆಯುತ್ತಾರೆ. ನಮ್ಮ ನಾಟಿ ಮತ್ತು ಫಾರಂ ಎಂಬ ಭೇದವೇ ಅದು, ಜೊತೆಗೆ ನಾಟಿಯ ಬಗೆಗಿನ ಹೆಮ್ಮೆಯೂ ಹಾಗೆಯೇ. ಆರು ವಾರದೊಳಗೆ ಬೆಳೆದು ಅಂಗಡಿಗೆ ಬರುವ ಫಾರಂ ಕೋಳಿಗೆ ಸಣ್ಣ ಉರಿಯಲ್ಲಿ 40 ರಿಂದ 45 ನಿಮಿಷ ಧಾರಾಳ. ಎದೆಯ ತುಂಡನ್ನು ಇನ್ನೂ ಹತ್ತು ನಿಮಿಷ ಮೊದಲೇ ತೆಗೆದಿಡಬೇಕು. ನಾಟಿ ಕೋಳಿ ಸಿಕ್ಕರೆ ಗೊಜ್ಜಿನ ರುಚಿ ಎರಡು ಮೆಟ್ಟಿಲು ಮೇಲೇರುತ್ತದೆ. ಆದರೆ ಅದು ನೀರು ಬಿಡುವುದು ಕಡಿಮೆಯಾದ್ದರಿಂದ ಆಗಾಗ ಮುಚ್ಚಳ ತೆಗೆದು ನೋಡಿ ಸ್ವಲ್ಪ ಸ್ವಲ್ಪ ಬಿಸಿನೀರು ಸೇರಿಸುತ್ತಿರಬೇಕಾಗುತ್ತದೆ.

ಲಕ್ಷಣ: ಪಾತ್ರೆ ಒಡೆಯಿತು

ಬಟ್ಟೆಯಲ್ಲಿ ಸುತ್ತಿ, ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ತಾಜೀನ್ ಗ್ಯಾಸ್ ಒಲೆಯ ಮೇಲೆ ಹನ್ನೊಂದನೆಯ ನಿಮಿಷಕ್ಕೆ ‘ಟಕ್’ ಎಂದಿತು. ಸದ್ದು ಚಿಕ್ಕದಾಗಿತ್ತು, ಹಳದಿ ರಸ ಬರ್ನರಿನ ಮೇಲೆ ಸೋರಿ ಚುರುಗುಟ್ಟಿದಾಗಲೇ ಏನಾಯಿತೆಂದು ತಿಳಿದದ್ದು. ಆ ಪಾತ್ರೆ ಹುಟ್ಟಿದ್ದು ಮಜ್ಮರ್ ಎಂಬ ಇದ್ದಿಲ ಒಲೆಗಾಗಿ. ಕೆಂಡದ ಶಾಖ ಇಡೀ ತಳಕ್ಕೆ ಹರಡಿಕೊಂಡು ಬರುತ್ತದೆ, ಗ್ಯಾಸಿನ ಉರಿ ಒಂದು ಬಳೆಯಷ್ಟು ಜಾಗವನ್ನು ಮಾತ್ರ ಕಾಯಿಸುತ್ತದೆ. ಕಾದ ಜಾಗ ಹಿಗ್ಗಿ, ಕಾಯದ ಜಾಗ ಹಿಗ್ಗದೆ ಮಣ್ಣು ಸೀಳುತ್ತದೆ. ಹೊಸ ಪಾತ್ರೆಯನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಒಣಗಿಸಿ, ಎಣ್ಣೆ ಸವರಿ, ತಣ್ಣಗಿನ ಓವನ್ನಿನಲ್ಲಿಟ್ಟು ನಿಧಾನವಾಗಿ ಕಾಯಿಸಿ ಪಳಗಿಸಬೇಕು. ಒಲೆಯ ಮೇಲೆ ದಪ್ಪ ಕಬ್ಬಿಣದ ಹಂಚನ್ನಿಟ್ಟು ಅದರ ಮೇಲೆ ಪಾತ್ರೆ ಇಡಬೇಕು. ಕಾದ ಪಾತ್ರೆಗೆ ತಣ್ಣೀರು ಹಾಕಬಾರದು. ಬಣ್ಣಬಣ್ಣದ ಚಿತ್ತಾರದ ತಾಜೀನ್‌ಗಳಲ್ಲಿ ಅಡುಗೆ ಮಾಡಲೇಬೇಡಿ. ಅವು ಬಡಿಸಲು, ಅಲಂಕಾರಕ್ಕೆ ಮಾಡಿದವು, ಅವುಗಳ ಮೆರುಗಿನಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ: ದಪ್ಪ ತಳದ ಯಾವುದೇ ಪಾತ್ರೆ ಸಾಕು. ಐದನೆಯ ಪ್ರಯತ್ನ ಯಶಸ್ವಿಯಾದದ್ದು ಬಿರಿಯಾನಿಯ ಹಂಡೆಯಲ್ಲಿ.

ಎಲ್ಲ ಸರಿಯಿದ್ದೂ ಏನೋ ಕಮ್ಮಿ

ಹಾಗೆನಿಸಿದರೆ ಪಕ್ಕದಲ್ಲಿ ಏನು ಬಡಿಸಿದ್ದೀರಿ ಎಂದು ನೋಡಿ. ಅನ್ನಕ್ಕೆ ಕಲಸಿದರೆ ಈ ಗೊಜ್ಜು ಸಾಲದಾಗುತ್ತದೆ, ಸಾಲದೆಂದು ನೀರು ಬೆರೆಸುತ್ತೇವೆ, ಮತ್ತೆ ಎರಡನೆಯ ಲಕ್ಷಣಕ್ಕೆ ಮರಳುತ್ತೇವೆ. ಕುಸ್ಕುಸ್ ಕೂಡ ಇದರ ಜೊತೆಗಾರನಲ್ಲ. ಅದು ಅಲ್ಲಿ ಶುಕ್ರವಾರದ ಪ್ರತ್ಯೇಕ ಊಟ. ಮ್‌ಕಲ್ಲಿಯನ್ನು ತಿನ್ನುವುದು ಖೊಬ್ಜ್ ಎಂಬ ದುಂಡನೆಯ, ಎರಡು ಬೆರಳು ದಪ್ಪದ ಬ್ರೆಡ್ಡಿನಿಂದ. ಗೋಧಿ ಹಿಟ್ಟಿಗೆ ಮೂರನೆಯ ಒಂದು ಪಾಲು ಸಣ್ಣ ರವೆ, ಉಪ್ಪು, ಯೀಸ್ಟು ಸೇರಿಸಿ ನಾದಿ, ಒಂದು ಗಂಟೆ ಉಬ್ಬಿಸಿ, ತಟ್ಟೆಯಂತೆ ತಟ್ಟಿ, ಇನ್ನೂ ಅರ್ಧ ಗಂಟೆ ಬಿಟ್ಟು, ದಪ್ಪ ಕಾವಲಿಯ ಮೇಲೆ ಮುಚ್ಚಿ ಎರಡೂ ಕಡೆ ಬೇಯಿಸಿದರೆ ಕೆಲಸ ನಡೆಯುತ್ತದೆ. ಚಪಾತಿ ಗೊಜ್ಜನ್ನು ಎತ್ತುತ್ತದೆಯೇ ಹೊರತು ಹೀರಿಕೊಳ್ಳುವುದಿಲ್ಲ. ಹೊತ್ತಿಲ್ಲದ ದಿನ ಬೇಕರಿಯ ಗಟ್ಟಿ ಬನ್ನು ಅಥವಾ ಪಾವನ್ನು ಕಾವಲಿಯ ಮೇಲೆ ಒಣದಾಗಿ ಕಾಯಿಸಿಕೊಂಡರೂ ನಡೆದೀತು, ಸಿಹಿ ಬನ್ನು ಮಾತ್ರ ಬೇಡ.

ಫೆಸ್‌ನಲ್ಲಿ ಪಾತ್ರೆ ಮೇಜಿನ ನಡುವೆ ಒಂದೇ ಇತ್ತು. ಎಲ್ಲರೂ ತಮ್ಮ ತಮ್ಮ ಕಡೆಯಿಂದ ಬ್ರೆಡ್ಡಿನ ಚೂರು ಅದ್ದಿ ಮೊದಲು ಗೊಜ್ಜನ್ನೇ ತಿನ್ನುತ್ತ ಹೋದರು, ಮಾಂಸಕ್ಕೆ ಕೈ ಹಾಕಿದ್ದು ಕೊನೆಗೆ. ಐದನೆಯ ಸಲ ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಕೋಳಿಯ ಎರಡು ತುಂಡು ಮರುದಿನಕ್ಕೆ ಉಳಿದವು, ಹಂಡೆಯ ತಳ ಮಾತ್ರ ಒರೆಸಿಟ್ಟಂತಿತ್ತು.